ಗಾಜಿನ ಟೋಪಿಯ ಬಿರುಕು

ಏಳನೆಯ ರೀಲನ್ನು ಆರನೆಯ ರೀಲಿಗಿಂತ ಮೊದಲು ಓಡಿಸಿದವನು ನಾನು. ಮೊದಲ ದಿನ ತಿಳಿಯದೆ ಓಡಿಸಿದೆ. ಉಳಿದ ದಿನಗಳಲ್ಲಿ ತಿಳಿದೇ ಓಡಿಸಿದೆ. ಇಡೀ ಊರಿನಲ್ಲಿ ಅದನ್ನು ಗುರುತಿಸಿದವನು ಒಬ್ಬನೇ — ಗಾದೆಪ್ಪ. ಅವನು ಕಂಡದ್ದು ನಿಜವೆಂದು ಗೊತ್ತಿದ್ದವನೂ ಒಬ್ಬನೇ, ನಾನು. ನಾನು ಬಾಯಿ ಬಿಡಲಿಲ್ಲ.

ವಿಷಯ ಇಷ್ಟೇ. ಕೇಳಿದವರಿಗೆ ನಗು ಬರಬಹುದು; ಒಂದು ಸಿನಿಮಾದ ರೀಲು ಹಿಂದೆಮುಂದೆ ಆದದ್ದನ್ನು ಇಷ್ಟು ವರ್ಷ ಮನಸ್ಸಿಗೆ ಹಚ್ಚಿಕೊಂಡು ಕೂರುತ್ತಾರೆಯೇ ಎಂದು. ನಾನೂ ಹಾಗೇ ಅಂದುಕೊಂಡು ಬಹಳ ಕಾಲ ತಳ್ಳಿದೆ.

ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ನಾನು ಸಿರುಗುಪ್ಪದ ಒಂದು ತಗಡಿನ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ನಮ್ಮಲ್ಲಿ ಓಡುತ್ತಿದ್ದುದು ಹೆಚ್ಚಾಗಿ ತೆಲುಗು ಪಿಕ್ಚರು, ಆಗೊಂದು ಈಗೊಂದು ಕನ್ನಡದ್ದು, ಅಪರೂಪಕ್ಕೆ ಇಂಗ್ಲಿಷಿನದು. ಆ ಇಂಗ್ಲಿಷಿನವುಗಳಲ್ಲಿ ಜನ ಕಾದು ಕೂತು ನೋಡುತ್ತಿದ್ದುದು ರಾಕೆಟ್ ಪಿಕ್ಚರು. ಅದರ ನಿಜವಾದ ಹೆಸರು ಯಾರ ಬಾಯಲ್ಲೂ ತಿರುಗುತ್ತಿರಲಿಲ್ಲ. ರಾಕೆಟ್ ಒಂದನೇ ಭಾಗ, ಎರಡನೇ ಭಾಗ ಎನ್ನುತ್ತಿದ್ದರು. ಒಬ್ಬ ಕ್ಯಾಪ್ಟನ್, ಅವನ ಜೊತೆ ಒಬ್ಬ ಹೆಣ್ಣುಮಗಳು, ಒಬ್ಬ ಮುದುಕ — ಮೂವರೂ ಗ್ರಹದಿಂದ ಗ್ರಹಕ್ಕೆ ಹಾರುತ್ತ ಕಷ್ಟಕ್ಕೆ ಸಿಕ್ಕಿಕೊಳ್ಳುವುದು, ಪಾರಾಗುವುದು. ಬಳ್ಳಾರಿಯಲ್ಲಿ ಓಡಿ, ಮೈತುಂಬ ಗೀರು ಬಿದ್ದ ಮೇಲೆ ನಮಗೆ ಬರುತ್ತಿತ್ತು. ನಮ್ಮಿಂದ ಕುರುಗೋಡಿನ ಟೆಂಟಿಗೆ ಹೋಗುತ್ತಿತ್ತು.

ಇಂಗ್ಲಿಷ್ ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೇ ಇರಬೇಕು, ಕಿವಿಗೆ ಕೆಲಸವಿಲ್ಲದ ಜನ ಕಣ್ಣಿಗೆ ಬಿದ್ದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತಿದ್ದರು. ಆಟ ಬಿಟ್ಟ ಮೇಲೆ ಎದುರಿನ ಹೋಟೆಲಿನಲ್ಲಿ ಒಗ್ಗಾಣಿ-ಮಿರ್ಚಿ ತಿನ್ನುತ್ತ ಒಂದಷ್ಟು ಜನ ಅದನ್ನೇ ಮಾತಾಡುವರು. ರಾಕೆಟ್ಟಿನ ಬಾಗಿಲಿಗೆ ಒಂದು ಮೊಳೆ ಕಡಿಮೆ ಇದೆ, ಎರಡನೇ ಭಾಗ ಬಂದರೂ ಅದನ್ನು ಹೊಡೆದಿಲ್ಲ. ಮುದುಕನ ಗಡಿಯಾರ ಎಡಗೈಯಿಂದ ಬಲಗೈಗೆ ಹೋಗಿದೆ. ಬೇರೆ ಗ್ರಹದ ರಾಜ ಕೂತ ಕುರ್ಚಿ ಒಂದನೇ ಭಾಗದಲ್ಲಿ ರಾಕೆಟ್ಟಿನೊಳಗೆ ಇದ್ದದ್ದೇ, ಬಣ್ಣ ಬಳಿದಿದ್ದಾರೆ ಅಷ್ಟೇ. ಇಂಥವನ್ನು ಮೊದಲು ಹಿಡಿಯುತ್ತಿದ್ದವನು ಯಾವಾಗಲೂ ಗಾದೆಪ್ಪ. "ಆ ಕುರ್ಚಿ ಕಾಲು ನೋಡ್ರಿ, ಅವತ್ತಿನ ಗೀರು ಹಂಗ ಐತಿ" ಎಂದು ಅವನು ಹೇಳಿದರೆ, ಮರುದಿನ ಎಲ್ಲರೂ ಟಿಕೀಟು ತೆಗೆದುಕೊಂಡು ಕುರ್ಚಿಯ ಕಾಲು ನೋಡಲು ಬರುವರು.

ಗಾದೆಪ್ಪ ನನಗಿಂತ ಸ್ವಲ್ಪ ಚಿಕ್ಕವನು. ಕಾಲುವೆಯಲ್ಲಿ ನೀರಿನ ಮಟ್ಟ ನೋಡಿ ಬರೆದಿಡುವ ಸರ್ಕಾರಿ ಕೆಲಸ ಅವನದು. ನನ್ನ ಹೆಸರು ಹುಲುಗಪ್ಪ; ಅವನು ಹುಲುಗಣ್ಣ ಎಂದು ಕರೆಯುತ್ತಿದ್ದ. ಒಡಹುಟ್ಟಿದ ಅಣ್ಣನ ಹಾಗೆ ನಂಬಿದ್ದ. ಮನೆಯ ಮಾತೂ ಹೇಳುತ್ತಿದ್ದ. ಅವನ ತಂದೆಗೆ ಕೊನೆಯ ವರ್ಷಗಳಲ್ಲಿ ಇಲ್ಲದ್ದು ಕಾಣುತ್ತಿತ್ತು — ಹಾಡುಹಗಲಲ್ಲಿ ಅಂಗಳದಲ್ಲಿ ಯಾರೋ ಬಂದು ನಿಂತಿದ್ದಾರೆಂದು ಚೊಂಬಿನಲ್ಲಿ ನೀರು ಹಿಡಿದುಕೊಂಡು ಹೋಗಿ, ಖಾಲಿ ಅಂಗಳಕ್ಕೆ "ಕುಡೀರಿ" ಎನ್ನುತ್ತಿದ್ದರಂತೆ. "ನನಗೂ ಹಂಗಾದ್ರ ಏನ್ ಮಾಡ್ಲಿ, ಹುಲುಗಣ್ಣ?" ಎಂದು ಒಮ್ಮೆ ಕೇಳಿದ್ದ. ನಗುತ್ತಲೇ ಕೇಳಿದ್ದ, ಆದರೆ ಉತ್ತರಕ್ಕೆ ಕಾದಿದ್ದ. "ಊರಿಗೇ ಚಲೋ ಕಣ್ಣು ನಿನ್ನವು, ಸುಮ್ಮನಿರು" ಎಂದಿದ್ದೆ ನಾನು. ಇದೆಲ್ಲ ನನಗೆ ಗೊತ್ತಿತ್ತು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎನ್ನಲು ಬಾರದಂತೆ.

ಎರಡನೇ ಭಾಗದ ಪೆಟ್ಟಿಗೆ ಬಳ್ಳಾರಿ ಬಸ್ಸಿನ ಮೇಲೆ ಬಂದಿಳಿದಾಗ ಮ್ಯಾಟ್ನಿಗೆ ಹೊತ್ತು ಮೀರಿತ್ತು. ಜನ ಒಳಗೆ ಕೂತು ಸಿಳ್ಳೆ ಹಾಕುತ್ತಿದ್ದರು. ರೀಲಿನ ಡಬ್ಬಿಗಳ ಮೇಲಿನ ನಂಬರ್ ಚೀಟಿಗಳು ಕಿತ್ತುಹೋಗಿದ್ದವು. ರೀಲಿನ ಮೊದಲಿಗೆ ಇರಬೇಕಾದ ನಂಬರಿನ ತುಂಡೂ ಕೆಲವಕ್ಕೆ ಇರಲಿಲ್ಲ. ಇಂಥ ಹೊತ್ತಿನಲ್ಲಿ ಆಪರೇಟರ್ ಆದವನು ಒಂದೊಂದೇ ರೀಲನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಬೇಕು. ನಾನು ನೋಡಲಿಲ್ಲ. ಪೆಟ್ಟಿಗೆಯಲ್ಲಿ ಇದ್ದ ಸಾಲಿನಲ್ಲೇ ಒಂದರ ಹಿಂದೊಂದು ಏರಿಸಿದೆ.

ಕಥೆಯಲ್ಲಿ ಆಗಬೇಕಾದದ್ದು ಹೀಗೆ: ಆರನೆಯ ರೀಲಿನಲ್ಲಿ ಕೆಂಪು ಗ್ರಹದ ಮೇಲೆ ಕಲ್ಲು ಸಿಡಿದು ಕ್ಯಾಪ್ಟನ್ನಿನ ಗಾಜಿನ ಟೋಪಿ ಬಿರುಕು ಬಿಡುತ್ತದೆ. ಏಳರಲ್ಲಿ ಅವನು ಆ ಬಿರುಕು ಬಿಟ್ಟ ಟೋಪಿಯಲ್ಲೇ ಗುಹೆಯೊಳಗೆ ಒದ್ದಾಡುತ್ತಾನೆ. ನಾನು ಓಡಿಸಿದ ಹಾಗೆ ಬಿರುಕು ಮೊದಲು ಬಂತು, ಕಲ್ಲು ಆಮೇಲೆ ಬಂತು. ಆರನೆಯದನ್ನು ಏರಿಸಿ ಕ್ಯಾಬಿನ್ನಿನ ಕಿಂಡಿಯಿಂದ ನೋಡಿದಾಗ ನನಗೆ ತಪ್ಪು ತಿಳಿಯಿತು. ಕೆಳಗಿನ ಜನಕ್ಕೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ.

ಆಟ ಬಿಟ್ಟ ಮೇಲೆ ಗಾದೆಪ್ಪ ಮೆಟ್ಟಿಲು ಹತ್ತಿ ಬಂದ. ಟಾಕೀಸಿನ ಮಾಲೀಕರೂ ಅಲ್ಲೇ ಇದ್ದರು.

"ಹುಲುಗಣ್ಣ, ಕಲ್ಲು ಬೀಳಾಕಿಂತ ಮೊದಲ ಟೋಪಿ ಬಿರುಕು ಬಿಟ್ಟಿತ್ತಲ್ಲ? ನಡುವ ಮತ್ತ ಸರಿ ಆತು. ರೀಲು ಏನರ ಹಿಂದಮುಂದ ಆತೇನು?"

ನೋಡಿ, ಅವನೇ ಸರಿಯಾಗಿ ಹೇಳಿಬಿಟ್ಟಿದ್ದ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮಾಲೀಕರು ನನ್ನ ಮುಖ ನೋಡುತ್ತಿದ್ದರು. ತಮ್ಮ ತಂಗಿಯ ಮಗನನ್ನು ನನ್ನ ಜಾಗಕ್ಕೆ ತರಬೇಕೆಂದು ಅವರಿಗೆ ಮೊದಲಿಂದಲೂ — ಇಲ್ಲ, ಅದನ್ನು ನೆಪ ಮಾಡುವುದಿಲ್ಲ. ಅವರು ಅಲ್ಲಿ ಇಲ್ಲದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆನೋ ಏನೋ. ಹುಲುಗಪ್ಪ ಓಡಿಸಿದರೆ ತಪ್ಪಾಗುವುದಿಲ್ಲ ಎಂದು ಹೆಸರಿತ್ತು. ಆ ಹೆಸರಿನ ಮೇಲೆ ನನಗೆ ಬಹಳ ಆಸೆ.

"ಪಿಕ್ಚರೇ ಹಂಗ ಐತಪಾ" ಎಂದೆ.

ಅವನು ಕಿಂಡಿಯಿಂದ ಖಾಲಿ ಪರದೆಯ ಕಡೆ ಒಮ್ಮೆ ನೋಡಿದ. ಆಮೇಲೆ ಮುಖ ಅರಳಿತು. ನಾಳೆ ಗೆಳೆಯರನ್ನೆಲ್ಲ ಕರೆತಂದು ತೋರಿಸುತ್ತೇನೆ ಎಂದು ಇಳಿದು ಹೋದ. ನಾಳೆ ಅವನು ಕರೆತಂದಾಗ ಟೋಪಿ ಸರಿಯಾಗಿದ್ದರೆ? ಅದಕ್ಕೇ ಮರುದಿನವೂ ಏಳನ್ನೇ ಮೊದಲು ಓಡಿಸಿದೆ. ಪಿಕ್ಚರ್ ಇದ್ದಷ್ಟು ದಿನವೂ ಹಾಗೇ ಓಡಿಸಿದೆ.

ವಾರ ಮುಗಿಯುವುದರೊಳಗೆ ಗಾದೆಪ್ಪ ಅದಕ್ಕೊಂದು ಅರ್ಥ ಹುಡುಕಿದ್ದ. "ಆ ಗ್ರಹದಾಗ ನಾಳೆ ಮೊದಲು ಬರತೈತಿ, ಇವತ್ತು ಆಮ್ಯಾಲೆ ಬರತೈತಿ. ಅದಕ್ಕ ಬಿರುಕು ಮೊದಲು, ಪೆಟ್ಟು ಆಮ್ಯಾಲೆ" ಎಂದು ಹೋಟೆಲಿನಲ್ಲಿ ಬಿಡಿಸಿ ಹೇಳುವನು. ನಾನೂ ಅಲ್ಲೇ ಕೂತು ಕೇಳಿದ್ದೇನೆ, ತಲೆ ಆಡಿಸಿದ್ದೇನೆ. ಇನ್ನೂ ನಾಚಿಕೆಯ ಮಾತೆಂದರೆ, ನನಗೆ ಖುಷಿಯಾಗಿತ್ತು. ನನ್ನ ತಪ್ಪಿನಿಂದ ಇಂಥ ಚೆಂದದ ಕಥೆ ಹುಟ್ಟಿತಲ್ಲ ಎಂದು. ಸುತ್ತಲಿನ ಹಳ್ಳಿಗಳಿಂದ ಜನ ಟ್ರ್ಯಾಕ್ಟರ್ ಹತ್ತಿಕೊಂಡು ಬಂದರು. ಮಾಲೀಕರು ಗಾದೆಪ್ಪನನ್ನು ಕುರ್ಚಿ ಕ್ಲಾಸಿನಲ್ಲಿ ಪುಕ್ಕಟೆ ಕೂರಿಸಿದರು. ಕೊನೆಯ ಆಟ ಆದ ಮೇಲೆ ನಾನು ರೀಲುಗಳನ್ನು ಸರಿಯಾದ ಸಾಲಿಗೆ ಜೋಡಿಸಿ, ಡಬ್ಬಿಗಳಿಗೆ ಹೊಸ ಚೀಟಿ ಅಂಟಿಸಿ, ಪೆಟ್ಟಿಗೆ ಮುಚ್ಚಿ ಕುರುಗೋಡಿಗೆ ಕಳಿಸಿದೆ.

ಅದೇ ಹೊತ್ತಿಗೆ ಬಳ್ಳಾರಿಗೆ ಮೂರನೇ ಭಾಗ ಬಂತು. ಭಾನುವಾರ ಬೆಳಗಿನ ಆಟಕ್ಕೆ ನಾವು ಒಂದಷ್ಟು ಜನ ಬಸ್ಸು ಹತ್ತಿ ಹೋದೆವು. ಆಟ ನೋಡಿ ಕೌಲ್ ಬಜಾರಿನ ಒಂದು ಚಹಾ ಅಂಗಡಿಯಲ್ಲಿ ಕೂತಾಗ ಆ ಕಡೆಯ ರಾಕೆಟ್ ಹುಚ್ಚರೂ ಬಂದು ಸೇರಿದರು. ಅವರಲ್ಲಿ ಮಸ್ತಾನ್ ಎಂಬ ಆಟೊ ರಿಪೇರಿಯವನು ಎರಡನೇ ಭಾಗವನ್ನು ಬಳ್ಳಾರಿಯಲ್ಲಿ ಎಷ್ಟೋ ಸಲ ನೋಡಿದ್ದ. ಗಾದೆಪ್ಪ ಬಿರುಕಿನ ಮಾತು ತೆಗೆದ. ಮಸ್ತಾನ್ ಕಪ್ಪು ಕೆಳಗಿಟ್ಟ.

"ಇದನ್ನ ಎಲ್ಲಿ ನೋಡಿದ್ರಿ ಅಣ್ಣ? ಕಲ್ಲು ಬಿದ್ದ ಮ್ಯಾಲೇನೇ ಬಿರುಕು ಬಿಡತೈತಿ. ಅದಕ್ಕಿಂತ ಮೊದಲು ಟೋಪಿ ಸಾಫ್ ಐತಿ."

ಉಳಿದವರು ನಕ್ಕರು. ಗಾದೆಪ್ಪ ನನ್ನ ಕಡೆ ತಿರುಗಿದ. "ಇವರನ್ನ ಕೇಳ್ರಿ, ಓಡಿಸಿದವರೇ ಇವರು. ಹೇಳು, ಹುಲುಗಣ್ಣ."

"ನಾವು ಪರದಿ ಎಲ್ಲಿ ನೋಡ್ತೀವಿ? ಮೆಷಿನ್ನಾಗ ಬೆಳಕಿನ ಕಾರ್ಬನ್ ಕಡ್ಡಿ ಉರಿಯೋದು ನೋಡ್ಕೊಂತ ಕುಂದರ್ತೀವಿ."

ಇದು ನನ್ನ ಬಾಯಿಂದ ಬಂದ ಮಾತು. ಕೇಳಿದರೆ ನಿಜವೇ ಅನ್ನಿಸುವಂಥ ಮಾತು. ಅದಾದ ಮೇಲೆ ನಮ್ಮ ಊರಿನವರೂ ಮೆಲ್ಲಗೆ ಜಾರಿಕೊಂಡರು. "ಅವ ತೋರಿಸಿದ, ನಾವು ಹ್ಞೂಂ ಅಂದ್ವಿ. ನಮಗೇನ್ ಕಂಡಿತ್ತೋ ಈಗ ನೆನಪಿಲ್ಲ" ಎಂದರು. ಅವರನ್ನು ನಾನು ಯಾವ ಬಾಯಿಂದ ಬೈಯಲಿ?

"ಜಗಳ ಯಾಕ್ರಿ? ಕುರುಗೋಡು ಟೆಂಟಿನಾಗ ಅದೇ ಪಿಕ್ಚರ್ ಓಡಾಕತ್ತೈತಿ, ಹೋಗಿ ನೋಡ್ರಿ" ಎಂದ ಮಸ್ತಾನ್.

ಎರಡು ದಿನದ ಮೇಲೆ ಹೋದೆವು. ಒಂದು ಆಟವನ್ನು ಮಾಲೀಕರ ತಂಗಿಯ ಮಗನಿಗೆ ಒಪ್ಪಿಸಿ ನಾನೂ ಹೋದೆ. ಹೋಗದಿದ್ದರೆ ಅನುಮಾನ ಬರುತ್ತದೆಂದು. ಬಸ್ಸಿನಲ್ಲಿ ಗಾದೆಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ಅಷ್ಟು ದೂರದ ದಾರಿ — ಹೇಳುವವನಿಗೆ ಅಷ್ಟು ಸಾಕಾಗಿತ್ತು. ಹೇಳಲಿಲ್ಲ. ಟೆಂಟಿನಲ್ಲಿ ನೆಲದ ಮೇಲೆ ಕೂತೆವು. ನಾನೇ ಜೋಡಿಸಿ ಕಳಿಸಿದ ರೀಲುಗಳು, ಒಂದೂ ತಪ್ಪದೆ ಬಂದವು. ಕೆಂಪು ಗ್ರಹ ಬಂತು. ಗಾದೆಪ್ಪ ನನ್ನ ಮುಂಗೈ ಹಿಡಿದ.

"ಈಗ ಟೋಪಿ ನಿನಗ ಹೆಂಗ ಕಾಣತೈತಿ?"

"ಸಾಫ್ ಐತಿ. ಬಿರುಕಿಲ್ಲ."

ಅದು ನಿಜ. ಅಷ್ಟು ಕೆಟ್ಟ ನಿಜವನ್ನು ನಾನು ಇನ್ನೊಮ್ಮೆ ಹೇಳಿಲ್ಲ. ಅವನು ಕೈ ಬಿಟ್ಟ. "ನಮ್ಮಪ್ಪಂದು ನನಗ ಬಂತು" ಎಂದ, ಯಾರಿಗೂ ಅಲ್ಲ ಎಂಬಂತೆ. ಎದ್ದು ಹೊರಗೆ ಹೋದ.

ರೀಲು ಹಿಂದೆಮುಂದೆ ಆಗಿರಬಹುದೆಂದು ಅವನಿಗೆ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆದಿತ್ತು, ಮೊದಲ ದಿನವೇ. ಆದರೆ ಹುಲುಗಣ್ಣ ಇಲ್ಲ ಎಂದಿದ್ದನಲ್ಲ. ಅವನು ತನ್ನ ಕಣ್ಣನ್ನು ಅನುಮಾನಿಸಿದ, ನನ್ನನ್ನು ಅನುಮಾನಿಸಲಿಲ್ಲ.

ಆಮೇಲೆ ಅವನು ಟಾಕೀಸಿಗೆ ಬರಲಿಲ್ಲ. ಊರಿನವರು "ಗಾದೆಪ್ಪಗ ನಾಳೆ ಮೊದಲು ಬರತೈತಿ" ಎಂದು ಕಾಡಿಸಿ, ಸ್ವಲ್ಪ ದಿನಕ್ಕೆ ಮರೆತರು. ಅವನು ಮರೆಯಲಿಲ್ಲ. ಕಾಲುವೆಗೆ ಹೋಗುವಾಗ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, "ನೀರು ಎಲ್ಲಿಗೈತಿ ನೋಡ್ರಿ" ಎಂದು ಕೇಳಿ ಬರೆಯತೊಡಗಿದ. ಕೊನೆಗೆ ಆ ಕೆಲಸವೇ ಬೇಡವೆಂದು ಬರೆದುಕೊಟ್ಟು, ಆಫೀಸಿನೊಳಗೆ ಟಪಾಲು ಅಂಟಿಸುತ್ತ ಕೂತ. ಕಾಲುವೆಯ ದಂಡೆಯ ಮೇಲೆ ಸೈಕಲ್ ಹೊಡೆಯುವುದೆಂದರೆ ಅಷ್ಟು ಇಷ್ಟಪಡುತ್ತಿದ್ದವನು. ಕುರುಗೋಡಿನ ನೀಲಮ್ಮ ಅವನನ್ನು ಮದುವೆಯಾದರು. ನಿವೃತ್ತಿಯ ಮೇಲೆ ಅವರ ಊರಲ್ಲೇ ಮನೆ ಮಾಡಿದ. ನಾನು ಮದುವೆಗೆ ಹೋಗಿ ಉಂಡು ಬಂದೆ. ಆಗಲೂ ಹೇಳಲಿಲ್ಲ. ಮೊದಮೊದಲು ಹೆದರಿಕೆ. ಆಮೇಲೆ, ಈಗ ಹೇಳಿ ಏನು ಎನ್ನುವ ಸೋಮಾರಿತನ.

ಹೋದ ವರ್ಷ ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡೆ. ಅವನು ನನ್ನನ್ನು ನೋಡಲಿಲ್ಲ. ಎದುರಿಗೆ ಬಸ್ಸು ನಿಂತಿತ್ತು, ಮುಂದೆ ದಪ್ಪ ಅಕ್ಷರದಲ್ಲಿ ಬಳ್ಳಾರಿ ಎಂದು ಬರೆದಿತ್ತು. ಅವನು ಅದನ್ನು ಓದಿದ, ತುಟಿ ಅಲುಗಿದ್ದು ಕಂಡಿತು. ಆಮೇಲೆ ಪಕ್ಕದ ಹೆಂಗಸನ್ನು ಕೇಳಿದ: "ಇದು ಬಳ್ಳಾರಿ ಬಸ್ಸೇ ಅಲ್ಲೇನ್ರೆವ್ವ?" ಆಕೆ ಹೌದೆಂದಳು. ಅವನು ಕಂಡಕ್ಟರನನ್ನೂ ಕೇಳಿದ. ಆಮೇಲೆ ಹತ್ತಿದ.

ಮುಂದಿನ ವಾರ ಕುರುಗೋಡಿಗೆ ಹೋದೆ. ಗಾದೆಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ನಕ್ಕ, ಕೂರಿಸಿಕೊಂಡ. ನಾನು ಸುತ್ತಿ ಬಳಸಲಿಲ್ಲ.

"ಗಾದೆಪ್ಪ, ಅವತ್ತು ಟೋಪಿ ಮೊದಲ ಬಿರುಕು ಬಿಟ್ಟಿತ್ತು. ರೀಲು ನಾನು ಹಿಂದಮುಂದ ಹಾಕಿದ್ದೆ. ನೀ ನೋಡಿದ್ದು ಖರೇ. ನಾ ಸುಳ್ಳ ಹೇಳಿದ್ದೆ."

ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಳಗಿನ ಕಡೆ ತಿರುಗಿ ಹೆಂಡತಿಯನ್ನು ಕರೆದ. ನೀಲಮ್ಮ ಬಾಗಿಲಿಗೆ ಬಂದರು.

"ಇಲ್ಲಿ ಹುಲುಗಣ್ಣ ಬಂದು ಕುಂತಾನ, ನಿನಗೂ ಕಾಣತಾನೇನು? ಅವ ಈಗ ಹೇಳಿದ್ದು ನಿನಗೂ ಕೇಳಿಸ್ತೇನು?"

"ಕಾಣತಾರ" ಎಂದರು ನೀಲಮ್ಮ. "ಹೇಳಿದ್ದು ಕೇಳ್ಲಿಲ್ಲ, ನಾ ಒಳಗಿದ್ದೆ."

ಅದಕ್ಕೇ ಅವರ ಮುಂದೆ ಇನ್ನೊಮ್ಮೆ ಹೇಳಿದೆ, ಮೊದಲಿಂದ, ಒಂದನ್ನೂ ಬಿಡದೆ. ನೀಲಮ್ಮ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಇಟ್ಟರು. ನಾನು ಅದನ್ನು ಎತ್ತಿ ಕುಡಿದು ಮುಗಿಸುವವರೆಗೂ ಗಾದೆಪ್ಪ ಕಣ್ಣು ತೆಗೆಯದೆ ನೋಡಿದ.

ನನ್ನನ್ನು ಕ್ಷಮಿಸಿದನೋ ಇಲ್ಲವೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಒಬ್ಬ ಹೆಂಡತಿಯ ಸಾಕ್ಷಿ ಅವನಿಗೆ ಸಾಕಾಗುವುದಿಲ್ಲ ಎಂದು ನನಗೆ ಗೊತ್ತು. ಅವತ್ತು ನಕ್ಕವರು ಬಹಳ ಜನ. ಅದಕ್ಕೇ ಇದನ್ನು ಬರೆದೆ. ಗಾದೆಪ್ಪ ಎಲ್ಲಾದರೂ ಸಿಕ್ಕರೆ, ಹುಲುಗಪ್ಪ ಹೀಗೆ ಬರೆದದ್ದು ನಿಮಗೂ ಕಂಡಿತೇ ಎಂದು ಕೇಳುತ್ತಾನೆ. ಕೇಳಿಯೇ ಕೇಳುತ್ತಾನೆ. ಕಂಡಿತು ಎಂದು ಹೇಳಿ.