ಜೋಳದ ಡಬ್ಬಿಯ ಹಿಂದೆ

ನಾನು ಹೊಟ್ಟೆ ತುಂಬ ಉಣ್ಣುವುದನ್ನು ಈ ಗೋಕಾಕದಲ್ಲಿ ಯಾರೂ ನೋಡಿಲ್ಲ. ಇದನ್ನು ಕೇಳಿ ನೀವು ನಗಬಹುದು; ನನ್ನನ್ನು ಕಂಡವರಾದರೆ ಇನ್ನೂ ಜೋರಾಗಿ ನಗಬಹುದು. ನನ್ನ ಮೈ ನೋಡಿದವರಿಗೆ ನಾನು ಉಣ್ಣುವುದೊಂದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲವೆಂದೇ ಅನ್ನಿಸಬೇಕು. ಆದರೆ ಶಾಲೆಗೆ ಒಯ್ಯುವ ನನ್ನ ಬುತ್ತಿಯಲ್ಲಿ ಇರುವುದು ಒಂದೇ ರೊಟ್ಟಿ, ಒಂದಿಷ್ಟು ಪಲ್ಯ. ಮದುವೆಮನೆಗೆ ಹೋದರೆ ಪಂಕ್ತಿಯಲ್ಲಿ ಕೂಡದೆ, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಮಜ್ಜಿಗೆ ಕುಡಿದು ಎದ್ದು ಬರುತ್ತೇನೆ. ಪಾಪ, ಟೀಚರು ಏನೂ ಉಣ್ಣುವುದಿಲ್ಲ, ಗಾಳಿ ಕುಡಿದರೂ ಮೈಗೆ ಹತ್ತುತ್ತದೆ ಎಂದು ಜನ ಕನಿಕರಪಡುತ್ತಾರೆ. ಆ ಗಾಳಿಗೆ ಕರದಂಟಿನ ವಾಸನೆ ಇರುತ್ತದೆಂಬುದು ನನಗೊಬ್ಬಳಿಗೇ ಗೊತ್ತು. ಮನೆಗೆ ಬಂದು, ಬಾಗಿಲ ಚಿಲಕ ಹಾಕಿ, ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುತ್ತೇನೆ. ನಿಂತು ತಿಂದದ್ದು ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನನ್ನ ಸ್ವಂತ ಶಾಸ್ತ್ರ.

ನನ್ನ ಹೆಸರು ಪ್ರಭಾವತಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳು ಬೆನ್ನ ಹಿಂದೆ ನನಗಿಟ್ಟ ಹೆಸರು ಘಟಪ್ರಭಾ. ಊರ ಬಾಜೂ ಹರಿಯುವ ಹೊಳೆಯ ಹೆಸರನ್ನೇ ಎತ್ತಿಕೊಂಡು, ‘ಘಟ’ವನ್ನು ನನ್ನ ಮೈಗೆ, ‘ಪ್ರಭಾ’ವನ್ನು ನನ್ನ ಹೆಸರಿಗೆ ಹೊಂದಿಸಿದ್ದಾರೆ. ಶ್ಲೇಷೆ ಎಂದರೇನೆಂದು ಅವರಿಗೆ ಪಾಠ ಮಾಡಿದವಳು ನಾನೇ. ಇಷ್ಟು ಚೆಂದ ಕಲಿತರಲ್ಲ ಎಂದು ನಕ್ಕೆ. ಸ್ಟಾಫ್ ರೂಮಿಗೆ ಹೋಗಿ ನಾನೇ ಮೊದಲು ಹೇಳಿ ಎಲ್ಲರನ್ನೂ ನಗಿಸಿದೆ. ದಪ್ಪಗಿದ್ದವರು ಈ ವಿದ್ಯೆಯನ್ನು ಬೇಗ ಕಲಿಯುತ್ತಾರೆ. ಬೇರೆಯವರು ನಗುವ ಮೊದಲು ತಾವೇ ನಕ್ಕುಬಿಟ್ಟರೆ ಅರ್ಧ ನೋವು ಕಡಿಮೆಯಾಗುತ್ತದೆ. ಉಳಿದರ್ಧಕ್ಕೆ ಅಂದು ಸಂಜೆ ಅರ್ಧ ಡಬ್ಬಿ ಕರದಂಟು ಬೇಕಾಯಿತು. ಹಸಿವೇನೂ ಆಗಿರಲಿಲ್ಲ. ಸಿಟ್ಟಿಗೆ ತಿಂದಿದ್ದೇನೆ, ಬೇಸರಕ್ಕೆ ತಿಂದಿದ್ದೇನೆ, ಯಾರೋ ಏನೋ ಅಂದದ್ದಕ್ಕೆ ತಿಂದಿದ್ದೇನೆ. ಬರೀ ಹಸಿವಿಗೆ ತಿಂದ ನೆನಪು ಮಾತ್ರ ಕಡಿಮೆ.

ನಮ್ಮ ಕಡೆ ಜನ ಎದುರಾದರೆ ಮನುಷ್ಯರಿಗಿಂತ ಮೊದಲು ಅವರ ಮೈಯನ್ನು ಮಾತಾಡಿಸುತ್ತಾರೆ. ಯಾಕ ಸೊರಗೀದಿ ಎನ್ನುತ್ತಾರೆ, ಇಲ್ಲವೇ ಮೈ ಕೈ ತುಂಬಿಕೊಂಡೀದಿ ಎನ್ನುತ್ತಾರೆ. ಆಮೇಲೆ ಊರು, ಮನೆ, ಮಕ್ಕಳು. ನಮ್ಮದು ಕೌಜಲಗಿಯ ಕುರಿ ಕಾಯುವ ಮನೆತನ, ಒಂದಿಷ್ಟು ಹೊಲವೂ ಉಂಟು. ಕುರಿಯ ಹಿಂದೆ ಊರೂರು ತಿರುಗಿ, ಒಂದು ಹೊತ್ತು ಉಂಡು ಒಂದು ಹೊತ್ತು ನೀರು ಕುಡಿದು ಬದುಕಿದ ನನ್ನ ಅಜ್ಜಿಗೆ ಗುಂಡಗಿನ ಮೊಮ್ಮಗಳೆಂದರೆ ಮನೆಯಲ್ಲಿ ಕಾಳು ಉಂಟೆಂಬುದಕ್ಕೆ ಸಾಕ್ಷಿ. ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಓಣಿಯಲ್ಲೆಲ್ಲ ತೋರಿಸಿಕೊಂಡು ಬರುತ್ತಿದ್ದಳಂತೆ. ಅದೇ ಮೈ ಇಪ್ಪತ್ತು ದಾಟಿದಾಗ ಯಾರಿಗೂ ಬೇಡವಾಯಿತು. ಕನ್ಯೆ ನೋಡಲು ಬಂದವರು ಅವಲಕ್ಕಿ ತಿಂದರು, ಶೇಂಗಾ ಉಂಡಿ ತಿಂದರು, ಚಹಾ ಕುಡಿದರು, ಹುಡುಗಿ ಭಾಳ ದಪ್ಪ ಎಂದು ಹೇಳಿಕಳಿಸಿದರು. ತಿಂದವರು ಅವರು, ದಪ್ಪ ಎನಿಸಿಕೊಂಡವಳು ನಾನು! ಮದುವೆಯಾಗಲಿಲ್ಲವೆಂದು ನನಗೆ ದೊಡ್ಡ ದುಃಖವೇನಿಲ್ಲ. ಆದರೆ ಅಂದಿನಿಂದ ಯಾರ ಮುಂದೆಯೂ ತಾಟಿಗೆ ಎರಡನೆಯ ಸಲ ಕೈ ಹಚ್ಚಲು ಆಗಿಲ್ಲ.

ಇಷ್ಟು ಹೇಳಿದ್ದು ಮಾಯಾಳ ವಿಷಯಕ್ಕೆ ಬರಲಿಕ್ಕೆ. ಮಾಯಾ ನನ್ನ ತಮ್ಮ ಸಿದ್ದಪ್ಪನ ಮಗಳು, ನನಗೆ ಸೊಸೆ. ನಮ್ಮ ಅಜ್ಜಿ ಮಾಯವ್ವನ ಹೆಸರನ್ನು ಅರ್ಧ ಕತ್ತರಿಸಿ ಇಟ್ಟದ್ದು. ಕೌಜಲಗಿಯಿಂದ ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಕಾಲೇಜಿಗೆ ಬರುವ ಹುಡುಗಿ. ನಗುಮುಖ, ದುಂಡು ಕೆನ್ನೆ. ಈ ಹುಡುಗಿ ಹೋದ ವರ್ಷ ವಾರ ಹಿಡಿದಳು. ವಾರ ಹಿಡಿಯುವುದೆಂದರೆ ದೇವರ ಹೆಸರಿನಲ್ಲಿ ವಾರಕ್ಕೊಂದು ದಿನ ಉಪವಾಸ ಮಾಡುವುದು. ಮೊದಲು ಸೋಮವಾರ ಹಿಡಿದಳು. ನಂತರ ಗುರುವಾರ ಬಂತು, ಅದರ ಹಿಂದೆ ಶುಕ್ರವಾರ ಬಂತು, ಹನುಮಪ್ಪನದೆಂದು ಶನಿವಾರವೂ ಸೇರಿತು. ತಮ್ಮನ ಹೆಂಡತಿ ನೀಲವ್ವ ಹಿರಿಹಿರಿ ಹಿಗ್ಗಿದಳು. ಈ ಕಾಲದಲ್ಲಿ, ಅದೂ ಕಾಲೇಜು ಕಲಿಯುವ ಹುಡುಗಿಗೆ ಇಷ್ಟು ಭಕ್ತಿಯೇ ಎಂದು ಓಣಿಯ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ಅವಳನ್ನು ತೋರಿಸಿ ಬುದ್ಧಿ ಹೇಳಿದರು. ನಾನೂ ಹೊಗಳಿದೆ.

ನಮ್ಮ ಕಡೆಯ ಉಪವಾಸ ನಿಮಗೆ ಗೊತ್ತಿರಬೇಕು. ಸಾಬೂದಾಣಿ ಖಿಚಡಿ ನಡೆಯುತ್ತದೆ, ಬಟಾಟೆ ನಡೆಯುತ್ತದೆ, ಶೇಂಗಾ, ಬಾಳೆಹಣ್ಣು, ಹಾಲು, ಬೆಲ್ಲ ಎಲ್ಲ ನಡೆಯುತ್ತದೆ. ಶಿವರಾತ್ರಿಯ ಮರುದಿನ ನನ್ನ ಸೀರೆಯ ನಿರಿಗೆ ಒಂದು ಕಡಿಮೆಯಾಗುವುದು ಇದೇ ಕಾರಣಕ್ಕೆ. ಮಾಯಾ ಮಾತ್ರ ಇದ್ಯಾವುದನ್ನೂ ಮುಟ್ಟುತ್ತಿರಲಿಲ್ಲ. ಅವಳದು ನಿಟ್ಟುಪವಾಸ, ಬರೀ ನೀರು. ಬಂದವರ ತಾಟಿನಲ್ಲಿ ‘ನನ್ನ ಆಣಿ ಐತಿ’ ಎಂದು ಇನ್ನೊಂದು ರೊಟ್ಟಿ ನೀಡದೆ ಬಿಡದ ಮನೆ ನಮ್ಮದು. ಅಂಥ ಮನೆಯಲ್ಲಿ ಉಣ್ಣದೆ ಪಾರಾಗಲು ಇರುವುದು ಇದೊಂದೇ ದಾರಿ. ದೇವರ ವಾರ ಎಂದರೆ ಯಾರೂ ಆಣೆ ಹಾಕುವುದಿಲ್ಲ. ಉಪವಾಸ ಕೆಡಿಸಿದ ಪಾಪ ಯಾರಿಗೆ ಬೇಕು? ಹುಡುಗಿ ಇದನ್ನು ಲೆಕ್ಕ ಹಾಕಿ ಮಾಡಿದಳೆಂದು ನಾನು ಹೇಳುವುದಿಲ್ಲ. ಅವಳಿಗೆ ಒಂದು ಮರೆ ಬೇಕಾಗಿತ್ತು, ಸಿಕ್ಕಿತು.

ಪರೀಕ್ಷೆಯ ಹೊತ್ತಿಗೆ ಬಸ್ಸಿನ ತಿರುಗಾಟ ಬೇಡವೆಂದು ಅವಳನ್ನು ನನ್ನ ಮನೆಯಲ್ಲಿ ಇರಿಸಿಕೊಂಡೆ. ಏಪ್ರಿಲ್ ತಿಂಗಳ ಗೋಕಾಕದ ಬಿಸಿಲಿನಲ್ಲಿ ಹುಡುಗಿ ಸ್ವೆಟರ್ ಹಾಕಿಕೊಂಡು ಓದುತ್ತಿದ್ದಳು. ಕೈ ಮುಟ್ಟಿದರೆ ತಣ್ಣಗೆ. ಬಚ್ಚಲಲ್ಲಿ ಕೂದಲಿನ ಉಂಡೆ. ನೀಲವ್ವ ಫೋನಿನಲ್ಲಿ ದನಿ ತಗ್ಗಿಸಿ, ಹುಡುಗಿ ಮುಟ್ಟಾಗಿ ಮೂರ್ನಾಲ್ಕು ತಿಂಗಳಾಯಿತು, ಓದಿನ ತ್ರಾಸಿಗೆ ಹಿಂಗ ಆಕ್ಕೈತೇನ್ರಿ ಅಕ್ಕಾರ ಎಂದು ಕೇಳಿದಳು. ಇದ್ದರೂ ಇರಬಹುದು ಎಂದೆ. ವಾರವಿಲ್ಲದ ದಿನ ಅವಳು ಚೆನ್ನಾಗಿಯೇ ಉಣ್ಣುತ್ತಿದ್ದಳಲ್ಲ. ನಾನು ರೊಟ್ಟಿ ಬಡಿದು ತಾಟು ಕೊಟ್ಟು, ನನ್ನ ಕಳ್ಳ ಊಟದ ಅಭ್ಯಾಸ ಕೆಡಬಾರದೆಂದು ಒಳಗೇ ಉಳಿಯುತ್ತಿದ್ದೆ. ಹೊರಗೆ ಬಂದರೆ ತಾಟು ಖಾಲಿ ಇರುತ್ತಿತ್ತು.

ಒಂದು ಮಧ್ಯಾಹ್ನ ಅವಳು ಪೇಪರು ಬರೆಯಲು ಹೋಗಿದ್ದಳು. ಶಾಲೆಯಲ್ಲಿ ನನಗೆ ಯಾರೋ ಏನೋ ಅಂದಿದ್ದರು. ಮನೆಗೆ ಬಂದವಳು ನೇರ ಅಡುಗೆಮನೆಗೆ ಹೋಗಿ, ಮೂಲೆಯ ಜೋಳದ ಡಬ್ಬಿಯ ಹಿಂದೆ ಕೈ ಹಾಕಿದೆ. ನನ್ನ ಕರದಂಟು ಇರುವುದು ಅಲ್ಲಿ; ಹುಡುಗಿ ಬಂದ ಮೇಲೆ ಅತ್ತ ಕೈ ಹಾಕಿರಲಿಲ್ಲ. ನನ್ನಿಂದ ನಾನೇ ಮುಚ್ಚಿಡಲು ಆರಿಸಿದ ಜಾಗ. ಕೈಗೆ ಸಿಕ್ಕಿದ್ದು ಹಳೆಯ ಪೇಪರಿನಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ರೊಟ್ಟಿಗಳು. ಮೊದಲ ಗಳಿಗೆಯಲ್ಲಿ ನನಗೆ ಏನನ್ನಿಸಿತು ಗೊತ್ತೇ? ಖುಷಿಯಾಯಿತು. ಇವಳೂ ಕದ್ದು ತಿನ್ನುವವಳು, ನನ್ನ ಪೈಕಿಯವಳೇ, ಹಾವಿನ ಹೆಜ್ಜೆ ಹಾವೇ ಬಲ್ಲದು ಎಂದುಕೊಂಡೆ. ಆಮೇಲೆ ಒಂದೊಂದನ್ನೇ ಬೆಳಕಿಗೆ ಹಿಡಿದೆ. ಎಲ್ಲ ನಾಲ್ಕು ಮಡಿಕೆಯಾಗಿ ಮಡಚಿದ್ದವು. ಕೆಲವು ಕಟ್ಟಿಗೆಯಾಗಿದ್ದವು, ಕೆಲವಕ್ಕೆ ಬೂಸ್ಟು ಬಂದಿತ್ತು. ಒಂದರ ಅಂಚೂ ಮುರಿದಿರಲಿಲ್ಲ. ಪಕ್ಕದಲ್ಲೇ ಇದ್ದ ನನ್ನ ಕರದಂಟಿನ ಡಬ್ಬಿಯನ್ನು ಅವಳು ಮುಟ್ಟಿರಲಿಲ್ಲ.

ಅಂದು ತಿನ್ನಬೇಕೆನಿಸಲಿಲ್ಲ.

ಅವಳು ಬಂದ ಮೇಲೆ ಗಂಟನ್ನು ನಡುವೆ ಇಟ್ಟುಕೊಂಡು ಕೂತೆವು. ನಾನು ಬೈಯಲಿಲ್ಲ, ಬೈಯುವ ಹಕ್ಕೂ ಇರಲಿಲ್ಲ. ಅವಳು ಗಂಟಿನ ಪೇಪರನ್ನು ಮತ್ತೆ ಮಡಚಿ ಮುಚ್ಚಿದಳು. ಆಮೇಲೆ, ವಾರ ಹಿಡಿಯುವ ಮೊದಲು ಯಮಕನಮರಡಿಯಿಂದ ತನ್ನನ್ನು ನೋಡಲು ಬಂದಿದ್ದವರ ಸುದ್ದಿ ತೆಗೆದಳು. ಆ ಸಂಬಂಧ ಮುಂದುವರಿದಿರಲಿಲ್ಲ. ಯಾಕೆಂದು ನಮಗಾರಿಗೂ ಗೊತ್ತಿರಲಿಲ್ಲ. ಮಾಯಾಳಿಗೆ ಗೊತ್ತಿತ್ತು. ಹೋಗುವಾಗ ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವರಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳಿದ್ದು ಇವಳ ಕಿವಿಗೆ ಬಿದ್ದಿತ್ತು.

“ಹುಡುಗಿ ಛಲೋ ಅದಾಳ, ಖರೆ ಅತ್ತಿ ಮೈ ತೊಗೊಂಡಾಳ. ಎರಡು ಹಡದ್ಲಂದ್ರ ಥೇಟ್ ಆಕಿನಂಗ ಆಕ್ಕಾಳ.”

ಅತ್ತೆ ಎಂದರೆ ನಾನು. ಇದನ್ನು ಹೇಳುವಾಗ ಮಾಯಾ ನನ್ನ ಮುಖ ನೋಡಲಿಲ್ಲ. ನನಗೆ ಸಿಟ್ಟು ಬಂತು, ನಾಚಿಕೆಯಾಯಿತು, ಅಳು ಬಂತು. ಯಾವುದು ಮೊದಲು ಎಂದು ಹೇಳಲಾರೆ. ಊರವರ ಕಣ್ಣಿಗೆ ನಾನು ನಗೆಯ ವಸ್ತು ಎಂಬುದು ಗೊತ್ತಿದ್ದ ಸಂಗತಿ, ಅದನ್ನು ಹೇಗೋ ಪಳಗಿಸಿಕೊಂಡಿದ್ದೆ. ಆದರೆ ನಾನು ಎತ್ತಿ ಆಡಿಸಿದ ಕೂಸು ನನ್ನ ಮೈಗೆ ಅಂಜಿ ಅನ್ನ ಬಿಟ್ಟಿದೆ ಎಂಬುದನ್ನು ಎಲ್ಲಿ ಇಟ್ಟುಕೊಳ್ಳಲಿ?

ಪರೀಕ್ಷೆ ಮುಗಿದ ಮರುದಿನವೇ ಬೆಳಗಾವಿಗೆ ಕರೆದುಕೊಂಡು ಹೋದೆವು. ಡಾಕ್ಟರು ಹೆಣ್ಣುಮಗಳು, ಸಾವಕಾಶ ಮಾತಾಡುವವರು. ನಾಡಿ ತೀರ ನಿಧಾನವಾಗಿದೆ, ಹೀಗೇ ಬಿಟ್ಟರೆ ಹೃದಯಕ್ಕೆ ಅಪಾಯ ಎಂದರು. ಇದು ಹೊಟ್ಟೆಯ ಬೇನೆಯಲ್ಲ, ಮನಸ್ಸಿನದು. ಹಟವೂ ಅಲ್ಲ, ಸೊಕ್ಕೂ ಅಲ್ಲ ಎಂದು ತಿಳಿಸಿ ಹೇಳಿದರು. ನನ್ನ ತಮ್ಮನಿಗೆ ತಲೆ ಬುಡ ತಿಳಿಯಲಿಲ್ಲ. ಕಾಳಿಲ್ಲದೆ ಹಸಿದವರನ್ನು ಕಂಡ ಮನೆತನದ ಮನುಷ್ಯ, ಕಾಳಿದ್ದೂ ಹಸಿದವರನ್ನು ಹೇಗೆ ತಿಳಿದುಕೊಂಡಾನು? ಅವನು ಕುರಿಯ ಬೆನ್ನ ಮೇಲೆ ಕೈ ಆಡಿಸಿ ಅದರ ಆರೋಗ್ಯ ಹೇಳುವವನು. ಅಂದು ದವಾಖಾನೆಯ ಬೆಂಚಿನ ಮೇಲೆ ಕೂತು ಮಗಳ ಬೆನ್ನ ಮೇಲೆ, ಆ ದಪ್ಪ ಸ್ವೆಟರಿನ ಮೇಲೆಯೇ, ಕೈ ಇಟ್ಟ. ಎಲುಬು ಸಿಕ್ಕಿರಬೇಕು. ಕೈ ತೆಗೆಯದೆ ಹಾಗೇ ಅಳುತ್ತ ಕೂತ.

ಊರಿಗೆ ಬಂದ ಮೇಲೆ ನೀಲವ್ವನಿಗೆ ಇನ್ನೊಂದು ಚಿಂತೆ ಹತ್ತಿತು. ಹಿಡಿದ ವಾರ ನಡುವೆ ಬಿಟ್ಟರೆ ದೇವರು ಸುಮ್ಮನಿರುತ್ತಾನೆಯೇ? ಸಿದ್ದಪ್ಪ ಬೀರಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿ, ತಪ್ಪಾಯಿತೆಂದು ಬೇಡಿಕೊಂಡು, ವಾರ ಬಿಡಿಸಿಕೊಂಡು ಬಂದ. ದೇವರು ಬಿಟ್ಟ, ಹುಡುಗಿಗೆ ಬಿಡಲಾಗಲಿಲ್ಲ. ಉಪವಾಸ ಎಂಬ ಮಾತನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ‘ಉಪ’ ಎಂದರೆ ಹತ್ತಿರ, ‘ವಾಸ’ ಎಂದರೆ ಇರುವುದು; ದೇವರ ಹತ್ತಿರ ಇರುವುದು ಉಪವಾಸ. ಆ ಮಾತಿನಲ್ಲಿ ಅನ್ನದ ಸುದ್ದಿಯೇ ಇಲ್ಲ ನೋಡಿ, ಬಿಡು ಎಂದೂ ಇಲ್ಲ, ತಿನ್ನು ಎಂದೂ ಇಲ್ಲ. ಮಾಯಾ ಯಾರ ಹತ್ತಿರವೂ ಇರಲಿಲ್ಲ. ನಮ್ಮ ನಡುವೆಯೇ ಓಡಾಡುತ್ತ, ನಮ್ಮಿಂದ ದಿನದಿನಕ್ಕೆ ದೂರ ಹೋಗುತ್ತಿದ್ದಳು. ನಾವು ಅವಳಿಗೆ ಕೈ ಮುಗಿಯುತ್ತಿದ್ದೆವು.

ಡಾಕ್ಟರು ಔಷಧದ ಜೊತೆ ಇನ್ನೊಂದು ಮಾತು ಹೇಳಿದ್ದರು. ಒತ್ತಾಯ ಬೇಡ, ದಪ್ಪ ತೆಳ್ಳಗೆ ಎಂಬ ಮಾತೇ ಮನೆಯಲ್ಲಿ ಬೇಡ; ದಿನಾ ಯಾರಾದರೂ ಒಬ್ಬರು ಅವಳ ಬಾಜೂ ಕೂತು, ಅದೇ ಅಡುಗೆಯನ್ನು, ಅವಳ ಜೊತೆ ಉಣ್ಣಬೇಕು. ನೀಲವ್ವ ಕೂತರೆ ಎರಡನೆಯ ತುತ್ತಿಗೇ ಅಳುತ್ತಾಳೆ. ಸಿದ್ದಪ್ಪ ಕುರಿಯ ಬೆನ್ನ ಹಿಂದೆ. ನಾನು ಕೂಡುತ್ತೇನೆ, ಹುಡುಗಿ ಗೋಕಾಕದಲ್ಲೇ ಇರಲಿ ಎಂದುಬಿಟ್ಟೆ. ಅಂದ ಮೇಲೆ ಅದರ ಅರ್ಥ ತಲೆಗೆ ಹತ್ತಿತು. ಮಾಯಾಳಿಗೆ ಮೊದಲೇ ಹತ್ತಿತ್ತು. ಡಬ್ಬಿಯ ಹಿಂದಿನ ಜಾಗ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಲ್ಲ. ಅತ್ತಿ, ನಿನಗ ಆಗತೈತೇನು ಎಂದು ನನ್ನನ್ನೇ ಕೇಳಿದಳು.

ಮೊದಲ ದಿನ ಇಬ್ಬರೂ ಓದದೆ ಪರೀಕ್ಷೆಗೆ ಬಂದವರ ಹಾಗೆ ತಾಟಿನ ಮುಂದೆ ಕೂತೆವು. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ನಾನು ಬಾಗಿಲು ತೆರೆದೇ ಇಟ್ಟಿದ್ದೆ. ಕೈಗೆ ಪಲ್ಯ ಹತ್ತಿದ್ದು ಕಾಣುತ್ತದೆಯೋ, ಬಾಯಿ ದೊಡ್ಡದಾಗಿ ತೆರೆಯುತ್ತಿದೆಯೋ ಎಂದು ನಾಚಿಕೆ. ನಿಂತು ಗಬಗಬ ನುಂಗಿದವಳಿಗೆ ಕೂತು ಅಗಿಯುವುದು ಬರುವುದಿಲ್ಲ ಎಂದು ನನಗೇ ತಿಳಿದಿರಲಿಲ್ಲ. ಮಾಯಾ ರೊಟ್ಟಿಯ ಒಂದು ಚೂರನ್ನು ಬೆರಳಲ್ಲಿ ಹಿಡಿದು ಕೂತಿದ್ದಳು. ನಂತರ ಮೆಲ್ಲಗೆ ಹೇಳಿದಳು.

“ಅತ್ತಿ, ಸಿಟ್ಟಾಗಬ್ಯಾಡ. ಬಾಯಿಗೆ ಇಟ್ಟರ ನಿನ್ನಂಗ ಆಗ್ತೇನಂತ ಅಂಜಿಕಿ ಬರತೈತಿ.”

“ಆದರ ಏನಾತವಾ?” ಎಂದೆ. “ನಾ ಬದುಕಿಲ್ಲೇನು?”

ಅವಳ ಸಮಾಧಾನಕ್ಕೆಂದು ಬಾಯಿಗೆ ಬಂದ ಮಾತು. ಆಡಿದ ಮೇಲೆ ಖರೆಯೋ ಸುಳ್ಳೋ ಎಂದು ನಾನೇ ಯೋಚಿಸುತ್ತ ಕೂತೆ. ಕನ್ನಡ ಕಲಿಸಿದ್ದೇನೆ, ಮನೆ ಕಟ್ಟಿಸಿದ್ದೇನೆ, ಕೆಟ್ಟ ಜೋಕಿಗೂ ನಕ್ಕಿದ್ದೇನೆ, ದಾರಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳು ಗಾಡಿ ನಿಲ್ಲಿಸಿ ಮಾತಾಡಿಸುತ್ತಾರೆ. ಬದುಕಿದ್ದು ಖರೆ. ಉಣ್ಣುವ ಹೊತ್ತಿಗೆ ಮಾತ್ರ ತಪ್ಪು ಮಾಡಿದವಳ ಹಾಗೆ ಬದುಕಿದ್ದೆ. ಯಮಕನಮರಡಿಯ ಹೆಂಗಸು ಒಂದು ಮಾತು ಅಂದು ಹೋದಳು. ಅದು ನಿಜ, ನನ್ನಂತಾಗುವುದು ದೊಡ್ಡ ಕೇಡು ಎಂದು ಆ ಹುಡುಗಿಗೆ ಇಷ್ಟು ವರ್ಷ ತೋರಿಸಿಕೊಟ್ಟವಳು ಚಿಲಕ ಹಾಕಿಕೊಂಡ ಈ ಅತ್ತೆಯೇ ಇರಬೇಕು. ಹೀಗೆ ಯೋಚಿಸುತ್ತಿರುವಾಗ ಬಾಜೂ ನೋಡಿದೆ. ಮಾಯಾಳ ಬೆರಳಲ್ಲಿದ್ದ ಚೂರು ಇರಲಿಲ್ಲ. ತಾಟಿನ ಕೆಳಗೆ ಬಿದ್ದಿದೆಯೇ ಎಂದು ಹುಡುಕಬೇಕೆನಿಸಿತು. ಹುಡುಕಲಿಲ್ಲ.

ಇದೆಲ್ಲ ಒಂದೇ ಏಟಿಗೆ ಸರಿಹೋಯಿತೆಂದು ತಿಳಿಯಬೇಡಿ. ಎರಡು ದಿನ ಉಂಡರೆ ಮೂರನೆಯ ದಿನ ತಾಟು ದೂಡಿ ಎದ್ದದ್ದುಂಟು. ಬೆಳಗಾವಿಗೆ ಈಗಲೂ ಹೋಗುತ್ತೇವೆ. ಕರದಂಟು ಈಗ ಅಡುಗೆಮನೆಯ ಕಟ್ಟೆಯ ಮೇಲೆ ಎದುರಿಗೇ ಇರುತ್ತದೆ. ಎದುರಿಗಿದ್ದರೆ ಅದರ ರುಚಿ ಅರ್ಧ ಕಡಿಮೆ ಎಂಬುದು ನನ್ನ ಹೊಸ ಶೋಧ. ನಾನು ತೆಳ್ಳಗಾಗಿಲ್ಲ, ಆಗುವ ಆಸೆಯೂ ಹೆಚ್ಚಿಲ್ಲ.

ಹೋದ ತಿಂಗಳು ಮೂಡಲಗಿಯಲ್ಲಿ ಬಳಗದವರ ಮದುವೆ. ಮಾಯಾ ನನ್ನ ಕೈ ಹಿಡಿದು ಪಂಕ್ತಿಯಲ್ಲಿ ಕೂಡಿಸಿದಳು, ತಾನೂ ಬಾಜೂ ಕೂತಳು. ಅನ್ನ ಸಾರು ಬಂದಿತ್ತು. ಎದುರಿನ ಸಾಲಿನಲ್ಲಿ ಹುಕ್ಕೇರಿ ಕಡೆಯ ಒಬ್ಬ ಮುದುಕಿ, ನಮ್ಮ ಕಥೆ ಏನೂ ಗೊತ್ತಿಲ್ಲದ ಪ್ರೀತಿಯ ಹೆಂಗಸು, ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು.

“ಏನವಾ, ಸೊಸಿ ಥೇಟ್ ಅತ್ತೀನ ಹೋಲತಾಳಲ್ಲ,” ಅಂದಳು.

ನನ್ನ ಕೈ ತಾಟಿನಲ್ಲೇ ನಿಂತಿತು. ಮಾಯಾಳ ಕೈಯೂ ನಿಂತಿತು. ನಾನು ಅವಳ ಮುಖ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದೆ.

“ಹೂನ್ರಿ ಆಯಿ,” ಅಂದಳು ಮಾಯಾ. “ಎಲ್ಲಾರೂ ಹಂಗ ಅಂತಾರ.”

ಅಷ್ಟು ಹೇಳಿ ಕೈಯಲ್ಲಿದ್ದ ತುತ್ತನ್ನು ಬಾಯಿಗೆ ಇಟ್ಟುಕೊಂಡಳು. ನುಂಗಲು ತಡವಾದದ್ದು ನನಗೆ.