ಆಡದ ಭಾಷಣದ ವರದಿ

ನಮ್ಮ ಪತ್ರಿಕೆಯ ತಾಲ್ಲೂಕು ಪುಟ ಸಂಜೆ ಐದಕ್ಕೆ ಮುಚ್ಚುತ್ತದೆ. ಕೊಳ್ಳೇಗಾಲದ ಸಭೆಗಳು ಅಷ್ಟು ಹೊತ್ತಿಗೆ ಶುರುವಾದರೆ ಹೆಚ್ಚು. ಹಾಗಾಗಿ ನಾವು ವರದಿಗಾರರು ಭಾಷಣದ ಪ್ರತಿಯನ್ನು ಮಧ್ಯಾಹ್ನವೇ ತರಿಸಿಕೊಂಡು, ಕೊನೆಗೆ ‘ಎಂದು ಅಭಿಪ್ರಾಯಪಟ್ಟರು’ ಸೇರಿಸಿ ಕಳಿಸಿಬಿಡುತ್ತೇವೆ. ಅದರಿಂದ ನನಗೆ ತೊಂದರೆಯಾದದ್ದು ಒಮ್ಮೆ ಮಾತ್ರ.

ಅಂದಿನ ಭಾಷಣಕಾರರು ಯಳಂದೂರಿನ ನಿವೃತ್ತ ಇತಿಹಾಸ ಮೇಷ್ಟ್ರು. ವಿಷಯ, ನೂರು ವರ್ಷದ ಹಿಂದೆ ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಲೇಖಕರು ವೇದಿಕೆ ಹತ್ತಿ ಮಾತನಾಡಿದ್ದು. ಕೈಬರಹದ ಹನ್ನೆರಡು ಪುಟ. ಬರ್ಲಿನ್, ವಿಯೆನ್ನಾಗಳಲ್ಲಿ ಜನ ಟಿಕೆಟ್ ಕೊಂಡು ಅವರ ಮಾತು ಕೇಳುತ್ತಿದ್ದರು. ಮೊದಲ ಮಹಾಯುದ್ಧವನ್ನು ಹೊಗಳಿ ಮಾತನಾಡಿದವರೂ ಅವರಲ್ಲಿದ್ದರು. ಮುಂದೆ, ಸರ್ವಾಧಿಕಾರ ಬರುತ್ತಿದೆ ಎಂದು ಎಚ್ಚರಿಸಿದ ಲೇಖಕರನ್ನು ಅದರ ಬೆಂಬಲಿಗರು ಸಭೆಯಲ್ಲೇ ಕೂಗಾಡಿ ಕೂರಿಸಲು ನೋಡಿದರು. ದೇಶ ಬಿಟ್ಟ ಮೇಲೂ ಕೆಲವರು ರೇಡಿಯೊದಲ್ಲಿ ಮಾತು ಮುಂದುವರಿಸಿದರು. ಕೊನೆಯ ಸಾಲು: ಮಾತನಾಡಬೇಕಾದ ಹೊತ್ತಿನಲ್ಲಿ ಸುಮ್ಮನೆ ಕೂರಬಾರದು.

‘ತಿಂಗಳುಗಟ್ಲೆ ಓದಿ ಬರ್ದಿದ್ದೀನಿ. ಒಂದ್ ಸಲ ಪೂರ್ತಿ ಓದಕ್ ಬಿಟ್ರೆ ಸಾಕು’ ಎಂದು ಪ್ರತಿ ಕೊಡುವಾಗ ಮೇಷ್ಟ್ರು ಹೇಳಿದ್ದರು. ಆ ಕೊನೆಯ ಸಾಲನ್ನೇ ಶೀರ್ಷಿಕೆ ಮಾಡಿ ನಾಲ್ಕೂವರೆಗೆ ಕಳಿಸಿದೆ.

ಹನೂರಿನಿಂದ ಬರಬೇಕಿದ್ದ ಮುಖ್ಯ ಅತಿಥಿ ಬಂದಾಗ ಆರೂವರೆ. ಆಮೇಲೆ ಸನ್ಮಾನ: ಒಬ್ಬೊಬ್ಬರಿಗೂ ಶಾಲು, ಪೇಟ, ಹಣ್ಣಿನ ಬುಟ್ಟಿ, ಫೋಟೊ. ಮೇಷ್ಟ್ರ ಸರದಿ ಬರುವಷ್ಟರಲ್ಲಿ ಅರ್ಧ ಸಭಾಂಗಣ ಖಾಲಿ. ನಿರೂಪಕ ಮೈಕಿಗೆ ಕೈ ಅಡ್ಡ ಹಿಡಿದು, ‘ಐದೇ ನಿಮ್ಷ ಸಾ, ಜನ ಬಸ್ಸಿಗ್ ಓಗ್ಬೇಕು’ ಎಂದ. ಮೇಷ್ಟ್ರು ಕೈಯಲ್ಲಿದ್ದ ಪುಟಗಳನ್ನು ನೋಡಿದರು. ಎಲ್ಲರಿಗೂ ವಂದಿಸಿ ಕೂತರು.

ಕಚೇರಿಗೆ ಫೋನ್ ಮಾಡಿದೆ. ಪುಟ ಅಚ್ಚಿಗೆ ಹೋಗಿತ್ತು.

ಮರುದಿನ ಬೆಳಿಗ್ಗೆ ಅವರು ಪತ್ರಿಕೆ ಹಿಡಿದು ನನ್ನ ಕೋಣೆಗೆ ಬಂದರು.

‘ಎದ್ದಾಗಿಂದ ಫೋನು ಕಣ್ರಿ. ಭಾಷಣ ಬೋ ಚೆನ್ನಾಗಿತ್ತಂತೆ. ಮುಂದಿನ ಸಾಲಲ್ಲಿ ಕೂತಿದ್ದೋರೂ ಅಂಗೇ ಅಂತಾವ್ರೆ!’

‘ಹಾಗಾದ್ರೆ ಬಿಡಿ ಸಾ.’

‘ಬಿಡೋದೆಂಗೆ? ಸುಮ್ನೆ ಕೂರ್ಬಾರ್ದು ಅಂತ ನನ್ನೆಸ್ರಲ್ಲಿ ಆಕಿದ್ದೀರಿ. ನಾನು ಕೂತೆ.’

‘ಸಮಯದ ಅಭಾವದಿಂದ ಭಾಷಣ ನಡೆಯಲಿಲ್ಲ’ ಎಂದು ತಿದ್ದುಪಡಿ ಬರೆದು ತೋರಿಸಿದೆ. ಅವರು ಪೆನ್ನು ತೆಗೆದುಕೊಂಡು ಮೊದಲ ಎರಡು ಪದ ಹೊಡೆದುಹಾಕಿದರು.

‘ಅದು ಬ್ಯಾಡ. ಐದ್ ನಿಮ್ಷ ಕೊಟ್ಟಿದ್ರಲ್ಲ.’

ಮೈಸೂರಿನ ಕಚೇರಿಯ ಸುದ್ದಿ ಡೆಸ್ಕಿಗೆ ಫೋನ್ ಮಾಡಿದೆ. ‘ದೂರು ಕೊಟ್ಟವರ್‍ಯಾರು?’ ಎಂದರು. ಭಾಷಣಕಾರರೇ ಎಂದೆ. ‘ಹೊಗಳಿ ಬರ್ದಿದ್ದಕ್ಕೆ ದೂರೇನ್ರೀ? ಜಾಗ ಇಲ್ಲ.’

ಮೇಷ್ಟ್ರಿಗೆ ಕೇಳಿಸಿತ್ತು. ಅವರು ಚೀಲದಿಂದ ಪುಟಗಳನ್ನು ತೆಗೆದರು. ಕುರ್ಚಿ ತೋರಿಸಿದೆ, ಕೂರಲಿಲ್ಲ. ನಿಂತೇ ಓದತೊಡಗಿದರು. ಹೊರಗೆ ಕುಂತೂರಿನ ಸಕ್ಕರೆ ಕಾರ್ಖಾನೆ ಕಡೆಗೆ ಕಬ್ಬಿನ ಟ್ರ್ಯಾಕ್ಟರ್ ಹೋದಾಗಲೆಲ್ಲ ನಿಲ್ಲಿಸಿ, ಅದೇ ವಾಕ್ಯವನ್ನು ಮತ್ತೆ ಮೊದಲಿನಿಂದ ಓದಿದರು. ಮುಕ್ಕಾಲು ಗಂಟೆ. ಅಭ್ಯಾಸಬಲದಿಂದ ನಾನು ಟಿಪ್ಪಣಿ ಮಾಡಿಕೊಂಡೆ.

ಕೊನೆಯ ಸಾಲಿಗೆ ಬಂದು ನಿಲ್ಲಿಸಿದರು.

‘ಇದ್ನ ನೀವು ಆಗ್ಲೇ ಆಕಿದ್ದೀರಲ್ಲ’ ಎಂದು ಪುಟ ಮಡಚಿಕೊಂಡು, ಯಳಂದೂರು ಬಸ್ಸಿಗೆ ಹೋದರು.