ಸಿಂಕ್ ಕೆಳಗೊಂದು ಹಬ್ಬ

ಅಮೆರಿಕದ ಈರಿ ಪಟ್ಟಣದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಲೊರೇನ್ ಪಿಲಾರ್ಸ್ಕಿ ಯಾರದೋ ಅಡುಗೆಮನೆಯ ಸಿಂಕ್ ಕೆಳಗೆ ಅಂಗಾತ ಮಲಗಿದ್ದಾರೆ. ಬಾಯಲ್ಲಿ ಟಾರ್ಚು, ಕಿವಿಯ ಪಕ್ಕ ಬಕೆಟ್ಟು. ಕಟ್ಟೆಯ ಮೇಲೆ ಬೆಣ್ಣೆ ಸವರಿಸಿಕೊಂಡ ಟರ್ಕಿ ಕೋಳಿ ಓವನ್ನಿಗೆ ಹೋಗಲು ಕಾದಿದೆ.

"ನಾನೇನೂ ಹಾಕಿಲ್ಲಮ್ಮ. ತಾನಾಗೇ ಕಟ್ಕೊಂಡ್ಬಿಡ್ತು," ಎನ್ನುತ್ತಾಳೆ ಮನೆಯೊಡತಿ.

ಲೊರೇನ್ ಪೈಪಿನಿಂದ ಒಂದು ಹಿಡಿ ಆಲೂಗಡ್ಡೆ ಸಿಪ್ಪೆ ಎಳೆದು ಬಕೆಟ್ಟಿಗೆ ಬಿಸಾಡುತ್ತಾರೆ. "ಮತ್ತೆ ಇವು ತಾವಾಗೇ ನಡ್ಕೊಂಡು ಹೋದ್ವಾ?"

ಐವತ್ತೆಂಟರ ಲೊರೇನ್ ಅಪ್ಪನ ಹಿಂದೆ ಪಾನಾ ಹೊತ್ತು ತಿರುಗಿ ಈ ಕೆಲಸ ಕಲಿತವರು. "ಪ್ಲಂಬರ್ ಎಲ್ಲಮ್ಮಾ?" ಎಂದು ಬಾಗಿಲಲ್ಲೇ ಕೇಳಿದವರೆಷ್ಟೋ. ಈಗ ಮಂಡಿಗಳು ಮಾತು ಕೇಳುವುದಿಲ್ಲ. ವರ್ಷವಿಡೀ ದಿನಕ್ಕೆ ಮೂರೋ ನಾಲ್ಕೋ ಮನೆ. ಹಬ್ಬದ ದಿನ ಮಾತ್ರ ಲೆಕ್ಕವೇ ಇಲ್ಲ. ಊರಿಗೆ ಊರೇ ಒಟ್ಟಿಗೆ ಅಡುಗೆಗಿಳಿಯುತ್ತದೆ, ಕರಗಿದ ಕೊಬ್ಬನ್ನು ಬಿಸಿಬಿಸಿಯಾಗಿ ಸಿಂಕಿಗೆ ಸುರಿಯುತ್ತದೆ. ಅದು ಪೈಪಿನಲ್ಲಿ ತಣಿದು ಗಟ್ಟಿಯಾಗುತ್ತದೆ. "ಘಮಘಮ ಅನ್ನೋದೆಲ್ಲ ಅವರಿಗೆ, ಗಬ್ಬುನಾತ ನನಗೆ," ಎಂದು ಲೊರೇನ್ ಸಿಡುಕುತ್ತಾರೆ.

ಪ್ರತಿ ವರ್ಷ ಅವರ ಪಾಲಿನ ಊಟ ಮನೆಯಲ್ಲಿ ತಣ್ಣಗಾಗುತ್ತದೆ. ಈ ಸಲ ಶಾಲಾ ಬಸ್ಸಿನ ಚಾಲಕನಾದ ಗಂಡ ವಾಲ್ಟ್ ಹಟ ಹಿಡಿದು ಪರಿಚಯದ ಸ್ಟಾವ್ರೋಸ್‌ನ ಹೋಟೆಲಿನಲ್ಲಿ ಸಂಜೆಯ ಊಟಕ್ಕೆ ಮೇಜು ಕಾದಿರಿಸಿದ್ದಾನೆ. ಅವನ ತಾಯಿ ಇರ್ಮಾ ಮಾತ್ರ ದಾರಿಯುದ್ದಕ್ಕೂ ಗೊಣಗುತ್ತಾರೆ.

"ಹಬ್ಬದ ದಿನ ಹೋಟೆಲ್ ಊಟವೇ? ನಮ್ಮನೇಲಿ ಒಲೆ ಇಲ್ವೇನೇ?"

"ಅಲ್ಲಿ ಸಿಂಕ್ ಕಟ್ಕೊಂಡ್ರೆ ಅದು ಅವರ ತಲೆನೋವು, ಅತ್ತೆ."

ಸೂಪು ಮೇಜಿಗೆ ಬಂದಿದೆಯಷ್ಟೇ. ಸ್ಟಾವ್ರೋಸ್ ಕೈ ಒರೆಸಿಕೊಳ್ಳುತ್ತಾ ಎದುರು ನಿಲ್ಲುತ್ತಾನೆ. ಅವನ ಮುಖ ನೋಡಿದ್ದೇ ಲೊರೇನ್ ಚಮಚ ಕೆಳಗಿಡುತ್ತಾರೆ. "ಹೇಳ್ಬೇಡ. ದಯವಿಟ್ಟು ಹೇಳ್ಬೇಡ."

"ಅಡುಗೆಮನೆ ತುಂಬಾ ಕರೀ ನೀರು ಉಕ್ತಿದೆ, ಲೊರೇನ್."

"ಊರಲ್ಲಿ ಬೇರೆ ಪ್ಲಂಬರ್ ಇಲ್ವೇನಯ್ಯಾ?" ವಾಲ್ಟ್ ಎದ್ದೇ ಬಿಡುತ್ತಾನೆ.

"ಯಾರೂ ಫೋನ್ ಎತ್ತಲ್ಲ. ಒಲೆ ಆರಿಸಿದ್ರೆ ಇಷ್ಟೂ ಜನ ಹಸ್ಕೊಂಡು ಹೋಗ್ಬೇಕು."

ಲೊರೇನ್ ಸುತ್ತ ನೋಡುತ್ತಾರೆ. ಪಾಳಿ ಮುಗಿಸಿ ಬಂದ ನರ್ಸುಗಳು, ಒಂಟಿಯಾಗಿ ಕುಳಿತ ವಯಸ್ಸಾದವರು, ಮಕ್ಕಳ ಗಲಾಟೆ. "ವರ್ಷಕ್ಕೊಂದ್ಸಲ ಹಾಕ್ಕೊಳೋ ಬಟ್ಟೆ ಕಣೋ ಇದು," ಎನ್ನುತ್ತಲೇ ಅಡುಗೆಯವರ ಏಪ್ರನ್ ಕಟ್ಟಿಕೊಂಡು, ವ್ಯಾನಿನಿಂದ ಪೈಪು ಬಿಡಿಸುವ ಸುರುಳಿ ತಂತಿ ತಂದು ಅಡುಗೆಮನೆಯಲ್ಲಿ ಮಂಡಿಯೂರುತ್ತಾರೆ. "ಕೊಬ್ಬನ್ನ ಡಬ್ಬಿಗೆ ಹಾಕು ಅಂತ ಎಷ್ಟು ಸಲ ಬಡ್ಕೊಳ್ಳಲಿ? ನಿನಗೆ ಕಿವಿ ಇದೆಯೋ, ಅದೂ ಕಟ್ಕೊಂಡಿದೆಯೋ?" ಸ್ಟಾವ್ರೋಸ್ ಬಕೆಟ್ಟು ಹಿಡಿದು ನಿಲ್ಲುತ್ತಾನೆ. ತಂತಿ ಎರಡು ಸಲ ಜಾರುತ್ತದೆ, ಮೂರನೆಯ ಸಲ ಕಚ್ಚುತ್ತದೆ. ನೀರು ಗೊಳಕ್ಕೆಂದು ಇಳಿಯುತ್ತದೆ.

ಅಷ್ಟರಲ್ಲಿ ಹೊರಗೆ ಯಾರೋ ತಟ್ಟೆ ಕುಟ್ಟುತ್ತಾರೆ. "ಇನ್ನೆಷ್ಟು ಹೊತ್ತು ಕಾಯ್ಬೇಕ್ರೀ? ದುಡ್ಡು ಕೊಡಲ್ವಾ ನಾವು?"

ಆಮೇಲೆ ಕೇಳಿಸುವುದು ಇರ್ಮಾ ಅವರ ದನಿ. "ಸುಮ್ನೆ ಕೂತ್ಕೊಳಪ್ಪಾ. ಒಳಗೆ ನನ್ನ ಸೊಸೆ ಕೊಳಚೇಲಿ ಮಂಡಿಯೂರಿದಾಳೆ, ನೀನು ಉಣ್ಣಲಿ ಅಂತ."

ತಟ್ಟೆ ಕುಟ್ಟುವುದು ನಿಲ್ಲುತ್ತದೆ. ಬಾಗಿಲ ಈಚೆ ಲೊರೇನ್ ತಂತಿ ಸುತ್ತುವುದನ್ನು ಮರೆತು ಕೂರುತ್ತಾರೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾಲ್ಕು ಜನರ ಮುಂದೆ ಅತ್ತೆ ತಮ್ಮ ಪರ ಹಾಗೆ ಮಾತಾಡಿದ್ದನ್ನು ಅವರು ಕೇಳಿದ್ದೇ ಇಲ್ಲ.

ಕೈ ತೊಳೆದು ಮರಳಿದಾಗ ಇರ್ಮಾ ಮೂಗು ಮುಚ್ಚಿಕೊಳ್ಳುತ್ತಾರೆ. "ಥೂ, ನಾರ್ತಿದೀಯಲ್ಲೇ!" ಎನ್ನುತ್ತಲೇ ಕುರ್ಚಿಯನ್ನು ತಮ್ಮ ಪಕ್ಕಕ್ಕೇ ಎಳೆದುಕೊಂಡು, ಹಬೆಯಾಡುವ ತಟ್ಟೆಯನ್ನು ಸೊಸೆಯ ಮುಂದೆ ಸರಿಸುತ್ತಾರೆ.

ಹಬ್ಬಕ್ಕೆ ನಿಮಗೇನು ಆಸೆ ಎಂದು ಕೇಳಿದರೆ ಲೊರೇನ್ ಬಾಯಿತುಂಬ ಟರ್ಕಿ ಇಟ್ಟುಕೊಂಡೇ ರೇಗುತ್ತಾರೆ. "ಊಟ ಮುಗಿಯೋವರೆಗಾದ್ರೂ ಯಾರೂ ಕರೀಬಾರ್ದು ನೋಡಿ. ಆಮೇಲೆ ಕರೀಲಿ. ಹೋಗ್ದೆ ಇರ್ತೀನಾ?"